ಕೆಂಪು ಸೈಕಲ್ಲಿನ ಡಬ್ಬಿ

ಆರೂ ಹತ್ತಕ್ಕೆ ಕಂಪನಿ ಬಸ್ಸು ತಿರುವಿನಲ್ಲಿ ಹಾರ್ನ್ ಹಾಕದೆ ಹೋಯಿತು. ಅಮೂಲ್ಯ ಹಾಲಿನ ಪಾತ್ರೆ ಹಿಡಿದುಕೊಂಡೇ ಕಿಟಕಿಗೆ ಬಂದಳು. ಬಸ್ಸಿನ ಹಿಂಭಾಗ ಮಾತ್ರ ಕಂಡಿತು. ಇಷ್ಟು ದಿನವೂ ಅದು ಹೀಗೇ ಸುಮ್ಮನೆ ಹೋಗಿರಬೇಕು. ಮನೆ ತುಂಬ ಜನ ಇದ್ದದ್ದರಿಂದ ಗೊತ್ತಾಗಿರಲಿಲ್ಲ.

ನಿನ್ನೆ ಹನ್ನೊಂದನೆಯ ದಿನದ ತಿಥಿ ಮುಗಿಯಿತು. ಸಂಜೆಯೇ ಶಾಮಿಯಾನದವರು ಕುರ್ಚಿಗಳನ್ನು ಒಂದರೊಳಗೊಂದು ಸೇರಿಸಿ ಗಾಡಿಗೆ ಹಾಕಿಕೊಂಡು ಹೋದರು. ಮೈಸೂರಿನಿಂದ ಬಂದಿದ್ದ ಅಪ್ಪ ಅಮ್ಮ ತಿಂಗಳ ತಿಥಿಗೆ ಬರುತ್ತೇವೆಂದು ರೈಲು ಹತ್ತಿದರು. ಗೇಟಿನ ಸರಳಿಗೆ ಶಾಮಿಯಾನದ ಹಗ್ಗದ ತುಂಡೊಂದು ಉಳಿದಿತ್ತು. ಅಮೂಲ್ಯ ಅದನ್ನು ಬಿಚ್ಚಲು ಹೋದಳು. ಗಂಟು ಬಿಗಿಯಾಗಿತ್ತು. ಒಳಗೆ ಬಂದು ಹಾಲು ಒಲೆಯ ಮೇಲಿಟ್ಟಳು, ಮತ್ತೆ ಗೇಟಿಗೆ ಹೋದಳು. ಹಾಲು ಉಕ್ಕಿದ ವಾಸನೆ ಬಂತು.

ಅವಳ ಗಂಡ ಮನೋಹರ ಹಾರೋಹಳ್ಳಿಯ ಒಂದು ಕಾರ್ಖಾನೆಯಲ್ಲಿ ಹತಾರುಗಳನ್ನು ತಯಾರಿಸುವ ಟೂಲ್ ರೂಮಿನಲ್ಲಿ ಕೆಲಸಕ್ಕಿದ್ದ, ದಿನಾ ಆ ಬಸ್ಸಿಗೇ ಹೋಗುತ್ತಿದ್ದ. ಊಟದ ಬಿಡುವಿನಲ್ಲಿ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದವನು ಎದೆ ಹಿಡಿದುಕೊಂಡು ಕೂತ, ಏಳಲಿಲ್ಲ. ಮೂವತ್ತಾರು ವರ್ಷ. ಬಂದವರಿಗೆಲ್ಲ ಇದನ್ನು ಮೈದುನ ಅಶೋಕ್ ಹೇಳಿದ, ಅಕ್ಕಪಕ್ಕದವರು ಹೇಳಿದರು. ಅಮೂಲ್ಯ ಯಾರಿಗೂ ಹೇಳಬೇಕಾಗಿ ಬರಲಿಲ್ಲ. ಅವಳನ್ನು ನೋಡಲು ಬಂದವರಿಗೆಲ್ಲ ಆಗಲೇ ಗೊತ್ತಿತ್ತು.

ಎಂಟು ಗಂಟೆಗೆ ಅಶೋಕ್ ಊರಿಗೆ ಹೊರಟ. ತಿಪ್ಪಸಂದ್ರದಲ್ಲಿ ಅವನು ಜಮೀನು ನೋಡಿಕೊಳ್ಳುತ್ತಿದ್ದ. ಬೈಕಿನ ಕೀಲಿ ಕೈಯಲ್ಲಿ ತಿರುಗಿಸುತ್ತಾ ಮುಂದಿನ ಕೋಣೆಯ ಬಾಗಿಲಲ್ಲಿ ನಿಂತ.

"ಅತ್ತಿಗೆ, ಭಾನುವಾರ ಗೂಡ್ಸ್ ಆಟೋ ತರ್ತೀನಿ. ಈ ಸೈಕಲ್ಲು ಪೈಕಲ್ಲು ಎಲ್ಲಾನೂವೆ ಊರಿಗೆ ಹಾಕ್ಬುಡಾನ. ಕೊಟ್ಟಿಗೆ ಅಟ್ಟದ ಮೇಲೆ ಜಾಗ ಐತೆ. ಅಮ್ಮ ಇದನ್ನ ನೋಡಿ ನೋಡಿ ಅನ್ನಾನೇ ಬುಟ್ಟವ್ಳೆ."

"ಹೂಂ."

"ಸಾಮಾನು ಒಂದು ಚೀಲಕ್ಕೆ ಸುರ್ದುಬುಡಿ, ಸಾಕು. ಯಾವ್ದು ಯಾತಕ್ಕೆ ಅಂತ ಅಣ್ಣಂಗೊಬ್ನಿಗೇ ಗೊತ್ತಿದ್ದುದ್ದು."

ಅವನು ಹೋದ ಮೇಲೆ ಅತ್ತೆ ಶಿವಲಿಂಗಮ್ಮ ಹಿತ್ತಲ ಬಾಗಿಲಲ್ಲಿ ಮೊರದ ತುಂಬ ಹುಣಸೆಹಣ್ಣು ಇಟ್ಟುಕೊಂಡು ಬೀಜ ಬಿಡಿಸಲು ಕೂತರು. ಅಮೂಲ್ಯ ಅಡುಗೆಮನೆಯ ಕಟ್ಟೆ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ಅವಳು ಕಾಲೇಜೊಂದರಲ್ಲಿ ಗ್ರಂಥಪಾಲಕಿ. ತಿಂಗಳು ತುಂಬುವವರೆಗೆ ಹೊಸಿಲು ದಾಟಬಾರದೆಂದು ಅತ್ತೆ ಹೇಳಿದ್ದರಿಂದ ಅಷ್ಟು ದಿನಕ್ಕೂ ರಜೆ ಬರೆದುಕೊಟ್ಟಿದ್ದಳು. ಕೂತರೆ ಕಾಲು ತಾನಾಗಿ ಅಲುಗುತ್ತಿತ್ತು. ಎದ್ದು ಮುಂದಿನ ಕೋಣೆಗೆ ಬಂದಳು.

ಆ ಕೋಣೆ ಸೈಕಲ್ಲುಗಳದ್ದು. ಐದಿದ್ದವು. ಗೋಡೆಗೆ ಒರಗಿದ ಕಪ್ಪು ಸೈಕಲ್ ಮಾವನವರದ್ದು, ಕಂಬಿಯ ಬ್ರೇಕು, ಹಿಂದೆ ಅಗಲವಾದ ಕ್ಯಾರಿಯರ್. ಪಕ್ಕದಲ್ಲಿ ಬೆಟ್ಟದ ದಾರಿಗೆಂದು ಕೊಂಡ ನೀಲಿ ಗೇರ್ ಸೈಕಲ್. ಅಮೂಲ್ಯ ಹೈಸ್ಕೂಲಿಗೆ ತುಳಿದ ಹಸಿರು ಲೇಡೀಸ್ ಸೈಕಲ್. ಮದುವೆಯಾದ ವರ್ಷ ಮನೋಹರನೇ ಅದನ್ನು ಮೈಸೂರಿನಿಂದ ರೈಲಿಗೆ ಹಾಕಿಕೊಂಡು ಬಂದಿದ್ದ. ಮಡಚುವ ಬಿಳಿಯದು. ಕೊನೆಯಲ್ಲಿ, ಹಿಂದಿನ ಚಕ್ರವಿಲ್ಲದೆ ಇಟ್ಟಿಗೆಗಳ ಮೇಲೆ ನಿಂತ ಕೆಂಪು ರೇಸ್ ಸೈಕಲ್. ಅದರ ಚಕ್ರ ಗೋಡೆಯ ಗೂಟಕ್ಕೆ ನೇತಾಡುತ್ತಿತ್ತು.

ಬೆಂಚಿನ ಕೆಳಗೆ ಐದು ಡಬ್ಬಿಗಳು. ಒಂದು ಚಕ್ಕುಲಿ ಡಬ್ಬ, ಒಂದು ಬಿಸ್ಕತ್ ಡಬ್ಬ, ಖಾಲಿ ಪೇಂಟ್ ಡಬ್ಬ, ಐಸ್‌ಕ್ರೀಮಿನ ಪ್ಲಾಸ್ಟಿಕ್ ಡಬ್ಬ, ಮುಚ್ಚಳ ಕಳೆದುಹೋದ ಟಿಫನ್ ಬಾಕ್ಸು. ಯಾವುದರ ಮೇಲೂ ಏನೂ ಬರೆದಿರಲಿಲ್ಲ. ಒಂದರಲ್ಲಿ ಇದ್ದ ಸ್ಪಾನರ್ ಇನ್ನೊಂದರಲ್ಲೂ ಇತ್ತು. ಬ್ರೇಕ್ ರಬ್ಬರು ಐದರಲ್ಲೂ ಇತ್ತು. ನಾಲ್ಕು ವರ್ಷ ಇದನ್ನು ನೋಡಿ ಅವಳು ನಕ್ಕಿದ್ದಳು, ಬೈದಿದ್ದಳು, ಒಂದು ದಿನ ನಾನೇ ಜೋಡಿಸಿಕೊಡ್ತೀನಿ ಅಂದಿದ್ದಳು. ಮುಟ್ಟಬೇಡ ಮಾರಾಯ್ತಿ, ಅದು ಸರಿಯಾಗೇ ಇದೆ ಅನ್ನುತ್ತಿದ್ದ.

ನೆಲಕ್ಕೆ ಹಳೆಯ ಪೇಪರು ಹಾಸಿ ಐದನ್ನೂ ಸುರಿದಳು.

ಮಾನಸಗಂಗೋತ್ರಿಯಲ್ಲಿ ಎರಡು ವರ್ಷ ಅವಳು ಕಲಿತದ್ದು ಇದನ್ನೇ. ಒಂದು ವಿಷಯದ್ದೆಲ್ಲ ಒಂದು ಕಡೆ. ಹುಡುಕುವವನಿಗೆ ಯಾರನ್ನೂ ಕೇಳದೆ ಸಿಗಬೇಕು. ಸ್ಪಾನರುಗಳನ್ನು ಅಳತೆಯ ಪ್ರಕಾರ ಸಾಲಾಗಿ ಇಟ್ಟಳು. ಬ್ರೇಕಿನ ವೈರು, ರಬ್ಬರು ಒಂದು ಕಡೆ. ಚೈನಿನ ತುಂಡುಗಳು ಒಂದು ಕಡೆ. ಚಕ್ರದೊಳಗೆ ಹಾಕುವ ಉಕ್ಕಿನ ಗುಂಡುಗಳು ಬಸ್ ಟಿಕೆಟಿನ ಪೊಟ್ಟಣಗಳಲ್ಲಿದ್ದವು. ಪೊಟ್ಟಣಗಳನ್ನು ಒಂದೊಂದಾಗಿ ಬಿಡಿಸಿ ಗುಂಡುಗಳನ್ನೆಲ್ಲ ಉಪ್ಪಿನಕಾಯಿಯ ಖಾಲಿ ಬಾಟಲಿಗೆ ಸುರಿದಳು, ಟಿಕೆಟುಗಳನ್ನು ಮುದುರಿ ಕಸದ ಬುಟ್ಟಿಗೆ ಹಾಕಿದಳು. ರಟ್ಟು ಕತ್ತರಿಸಿ ಚೀಟಿ ಬರೆದಳು. ಸ್ಪಾನರ್. ಬ್ರೇಕ್. ಚೈನ್. ಟ್ಯೂಬ್. ಗುಂಡು. ಹೆಸರೇ ಗೊತ್ತಿಲ್ಲದ ಕಬ್ಬಿಣದ ತುಂಡುಗಳು ಹದಿನೈದಿಪ್ಪತ್ತು ಉಳಿದವು. ಅವಕ್ಕೆ 'ಇತರೆ' ಎಂದು ಬರೆದಳು.

ಹನ್ನೊಂದು ಗಂಟೆಯ ಹೊತ್ತಿಗೆ ಮುಗಿಯಿತು. ಕೈಯೆಲ್ಲ ಕರಿ ಗ್ರೀಸು. ಎದ್ದು ನಿಂತು ನೋಡಿದಳು. ಯಾರಿಗೆ ಬೇಕಾದರೂ ಅರ್ಥವಾಗುವಂತಿತ್ತು. ಹನ್ನೆರಡು ದಿನದಲ್ಲಿ ಮೊದಲ ಸಲ ಹಸಿವಾದ ಹಾಗಾಯಿತು.

ಆಗ ಮನೋಹರನ ಫೋನು ಹೊಡೆದುಕೊಂಡಿತು. ಅದನ್ನು ಅವಳು ದಿನಾ ಚಾರ್ಜಿಗೆ ಹಾಕುತ್ತಿದ್ದಳು. ಯಾಕೆಂದು ಯಾರೂ ಕೇಳಿರಲಿಲ್ಲ. ಪರದೆಯ ಮೇಲೆ 'ಫಕ್ರು ಭಾಯ್ ಚನ್ನಪಟ್ಟಣ' ಎಂದು ಬಂತು.

"ಸಾರ್, ನಮಸ್ಕಾರ. ಫಕ್ರುದ್ದೀನ್ ಮಾತಾಡೋದು, ಸೈಕಲ್ ಅಂಗಡಿ."

"ನಾನು ಅವರ ಮನೆಯವರು."

"ಓ, ಅಮ್ಮನೋರಾ. ಏನಿಲ್ಲಮ್ಮ, ನಂದೊಂದು ಸಾಮಾನು ಇಸ್ಕೊಂಡೋಗಿದ್ರು ಸಾರು. ಎರಡು ವಾರ ಅಂದಿದ್ರು, ತಿಂಗಳಾಯ್ತು. ಒಸಿ ಅರ್ಜೆಂಟ್ ಇತ್ತು. ಎಲ್ಲವ್ರೆ?"

ಹೇಳಬೇಕಾದ್ದು ಎರಡೇ ಶಬ್ದ. ಅಮೂಲ್ಯ ಬಾಯಿ ತೆರೆದಳು.

"ಶಿಫ್ಟಿಗೆ ಹೋಗಿದ್ದಾರೆ."

"ಹಂಗಾ. ಬಂದ್ಮೇಲೆ ಒಂದ್ ಮಾತು ಹೇಳಿಮ್ಮ. ಕೆಂಪು ಸೈಕಲ್ ಡಬ್ಬೀಲಿ ಇಟ್ಟಿದೀನಿ, ಎಲ್ಲೂ ಹೋಗಲ್ಲ ಬುಡಿ ಅಂದಿದ್ರು."

ಫೋನು ಇಟ್ಟಳು. ಕೆಂಪು ಸೈಕಲ್ ಡಬ್ಬಿ. ನೆಲದ ಮೇಲಿನ ಸಾಲುಗಳನ್ನು ನೋಡಿದಳು. ಐದು ಸೈಕಲ್, ಐದು ಡಬ್ಬಿ. ಒಂದರ ನಟ್ಟು ಇನ್ನೊಂದಕ್ಕೆ ಕೂರುವುದಿಲ್ಲ, ಒಂದರ ರಬ್ಬರು ಇನ್ನೊಂದಕ್ಕೆ ಆಗುವುದಿಲ್ಲ. ಅದಕ್ಕೇ ಎಲ್ಲದರಲ್ಲೂ ಎಲ್ಲ ಇತ್ತು. ಭಾನುವಾರ ಬೆಳಿಗ್ಗೆ ಕೆಂಪು ಸೈಕಲ್ ತುಳಿಯಬೇಕೆಂದರೆ ಒಂದು ಡಬ್ಬಿ ಎಳೆದರೆ ಸಾಕು. ಅದು ಸರಿಯಾಗೇ ಇತ್ತು.

ಅವಳು ಕಸದ ಬುಟ್ಟಿಯನ್ನು ನೆಲಕ್ಕೆ ಬೋರಲು ಹಾಕಿದಳು. ಮುದುರಿದ ಟಿಕೆಟುಗಳನ್ನು ಬಿಡಿಸಿದಳು. ಒಂದೊಂದರ ಹಿಂದೆಯೂ ಪೆನ್ಸಿಲಿನಲ್ಲಿ ಬರೆದಿತ್ತು. ಕರಿ, ಮುಂದೆ. ನೀಲಿ, ಹಿಂದೆ. ಹಸಿರು, ಪೆಡಲ್. ಬಾಟಲಿಯೊಳಗೆ ಗುಂಡುಗಳೆಲ್ಲ ಒಂದಾಗಿದ್ದವು. ಕೂದಲೆಳೆಯಷ್ಟು ವ್ಯತ್ಯಾಸದವು, ಕಣ್ಣಿಗೆ ಕಾಣುವುದಿಲ್ಲ.

"ಏನವ್ವ ಅದು, ಕಸ ಕೆದಕ್ತಾ ಕುಂತಿದ್ದೀಯೆ?" ಹಿತ್ತಲಿಂದ ಶಿವಲಿಂಗಮ್ಮ ಕೇಳಿದರು.

"ಏನೋ ಬಿದ್ದುಹೋಗಿತ್ತು ಅತ್ತೆ."

ಟಿಕೆಟುಗಳನ್ನು ಅಂಗೈಯಲ್ಲಿ ಒತ್ತಿ ನೇರ ಮಾಡಿ ಪುಸ್ತಕದೊಳಗೆ ಇಟ್ಟಳು. ಆಮೇಲೆ ಮತ್ತೆ ನೆಲಕ್ಕೆ ಕೂತಳು. ಯಾವುದು ಫಕ್ರುದ್ದೀನನದ್ದು? ವಾಪಸು ಫೋನ್ ಮಾಡಿ ಕೇಳಬಹುದಿತ್ತು. ಕೇಳಿದರೆ ಅವನು ಸಾರ್ ಕೈಗೆ ಫೋನ್ ಕೊಡಿ ಅನ್ನುತ್ತಾನೆ. ಆಗ ಹೇಳಬೇಕಾಗುತ್ತದೆ. ಊರೆಲ್ಲ ಬಂದು ಊಟ ಮಾಡಿ ಹೋಗಿತ್ತು. ಒಬ್ಬ ಮನುಷ್ಯನ ಪಾಲಿಗೆ ಮಾತ್ರ ಮನೋಹರ ಇನ್ನೂ ಶಿಫ್ಟಿನಲ್ಲಿದ್ದ, ಸಂಜೆ ಬರುವವನಿದ್ದ. ಆದರೆ ಭಾನುವಾರ ಗೂಡ್ಸ್ ಆಟೋ ಬಂದರೆ ಆ ಸಾಮಾನೂ ಅಟ್ಟ ಸೇರುತ್ತದೆ, ಇಸಿದುಕೊಂಡು ಹೋದವನು ಕೊಡಲೇ ಇಲ್ಲ ಎಂಬ ಮಾತು ಚನ್ನಪಟ್ಟಣದಲ್ಲಿ ಉಳಿಯುತ್ತದೆ.

ಮಾರನೆಯ ದಿನ, ಗುರುವಾರ, ಬೆಳಿಗ್ಗೆಯಿಂದ ಅವಳು ಒಂದೊಂದನ್ನೇ ಐದು ಸೈಕಲ್ಲುಗಳಿಗೂ ಹಿಡಿದು ನೋಡಿದಳು. ಎಲ್ಲಿ ಕೂರುತ್ತದೋ ಆ ಸೈಕಲ್ಲಿನ ಮುಂದೆ ಇಡುವುದು. ದೊಡ್ಡ ಸ್ಪಾನರ್ ಕಪ್ಪು ಸೈಕಲ್ಲಿನ ಅಚ್ಚಿಗೆ ಕೂತಿತು. ಆರು ಮೂಲೆಯ ಅಲೆನ್ ಕೀಲಿಗಳು ನೀಲಿಯದಕ್ಕೆ, ಎರಡು ಮಾತ್ರ ಬಿಳಿಯದಕ್ಕೆ. ಸಣ್ಣ ಬ್ರೇಕ್ ರಬ್ಬರು ಹಸಿರಿನದು. ಒಂದು ತೆಳು ಸ್ಪಾನರ್ ಹಸಿರು ಸೈಕಲ್ಲಿನ ಎಡ ಪೆಡಲಿಗೆ ಸರಿಯಾಗಿ ಹಿಡಿಯಿತು. ನೋಡೋಣವೆಂದು ತಿರುಗಿಸಿದಳು. ಬಿಚ್ಚಲಿಲ್ಲ. ಇನ್ನಷ್ಟು ಬಲ ಹಾಕಿದಳು. ಸ್ಪಾನರ್ ಜಾರಿ ಬೆರಳಿನ ಗೆಣ್ಣು ಪೆಡಲಿಗೆ ತರಚಿತು. ರಕ್ತ ಬಂತು. ಉರಿ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಗೊತ್ತಾದ ಮೇಲೆ ಅವಳು ಬೆರಳನ್ನು ಬಾಯಲ್ಲಿಟ್ಟುಕೊಂಡು ನಿಂತಳು.

"ಎಡಗಡೇದು ಉಲ್ಟಾ ತಿರುಗ್ತದೆ ಕಣವ್ವ."

ಶಿವಲಿಂಗಮ್ಮ ಬಾಗಿಲಲ್ಲಿದ್ದರು. ಕೈಗೆ ಹುಣಸೆಹಣ್ಣು ಅಂಟಿತ್ತು. ಹದಿಮೂರು ದಿನದಿಂದ ಅವರು ಈ ಕೋಣೆಗೆ ಕಾಲಿಟ್ಟಿರಲಿಲ್ಲ.

"ನಿಮಗೆ ಹೇಗೆ ಗೊತ್ತು ಅತ್ತೆ?"

"ನಮ್ಮೋರು ಕರಿ ಸೈಕಲ್ ಬಿಚ್ಚುವಾಗ ದೀಪ ಹಿಡಿತಿದ್ದೋಳು ನಾನು. ಅವರೂ ಹಿಂಗೇ ಮೊದ್ಲು ಬಿಗಿ ಮಾಡ್ಬುಟ್ಟು ಆಮೇಲೆ ನನ್ ಬಯ್ಯೋರು." ಅವರ ಕಣ್ಣು ಚಕ್ಕುಲಿ ಡಬ್ಬದ ಮೇಲೆ ನಿಂತಿತು. "ಇಲ್ಲೈತಾ ಇದು. ನನ್ ಡಬ್ಬ ಕಣೆ ಅದು. ಗೌರಿ ಹಬ್ಬದಾಗೆ ಎಷ್ಟು ಹುಡುಕ್ದೆ. ಕೇಳುದ್ರೆ, ನಂಗೇನ್ ಗೊತ್ತು ಅಮ್ಮ, ಬೆಕ್ಕು ಎತ್ಕಂಡೋಗಿರ್ಬೇಕು ಅಂದ. ಬೆಕ್ಕು ಡಬ್ಬ ಎತ್ಕಂಡೋಯ್ತದಾ?"

ಅಮೂಲ್ಯ ಡಬ್ಬವನ್ನು ಅವರ ಕಡೆ ಚಾಚಿದಳು. ಅವರು ತೆಗೆದುಕೊಳ್ಳಲಿಲ್ಲ.

"ಇರ್ಲಿ ಬುಡು. ಗ್ರೀಸ್ ವಾಸ್ನೆ ಹೋಗಾಕಿಲ್ಲ. ಬೆರಳಿಗೆ ಅರಿಶಿನ ಹಾಕ್ಕೋ ಹೋಗು."

ಶುಕ್ರವಾರ ಸಂಜೆಯ ಹೊತ್ತಿಗೆ ನಾಲ್ಕು ಡಬ್ಬಿಗಳು ಹೆಚ್ಚುಕಡಿಮೆ ತುಂಬಿದವು. 'ಇತರೆ' ಮಾತ್ರ ಹಾಗೇ ಉಳಿದಿತ್ತು. ಅಮೂಲ್ಯ ಅದರ ಮುಂದೆ ಕೂತು ಎದ್ದು, ಕೂತು ಎದ್ದು ಮಾಡಿದಳು. ಆರು ಗಂಟೆಗೆ ಮತ್ತೆ ಫೋನು.

"ಈಗ ಮನೇಗ್ ಬಂದಿರ್ತಾರೆ ಅಂತ ಮಾಡ್ದೆ ಅಮ್ಮ. ಮೂರು ಸೈಕಲ್ಲು ಅಂಗಡಿ ಮುಂದೆ ನಿಂತವೆ. ಅದಿಲ್ದೆ ಆಗ್ತಿಲ್ಲ."

"ಅದು ನೋಡೋಕೆ ಹೇಗಿರುತ್ತೆ? ನಾನೇ ಹುಡುಕ್ತೀನಿ."

"ನಿಮಗೆ ಹೇಳಿದ್ರೆ ತಿಳಿಯಲ್ಲಮ್ಮ. ಸಾರ್ ಕೈಗೆ ಕೊಡಿ ಫೋನು, ಒಂದೇ ನಿಮಿಷ."

ಅಮೂಲ್ಯ ಕೋಣೆಯ ಸುತ್ತ ನೋಡಿದಳು, ಯಾರಾದರೂ ಇದ್ದಾರೋ ಎಂಬಂತೆ.

"ಸ್ನಾನ ಮಾಡ್ತಿದ್ದಾರೆ," ಅಂದಳು.

ಫೋನು ಇಟ್ಟು ತಿರುಗಿದಾಗ ಶಿವಲಿಂಗಮ್ಮ ದೀಪದ ಎಣ್ಣೆಯ ಬಟ್ಟಲು ಹಿಡಿದು ನಡುಮನೆಯಲ್ಲಿ ನಿಂತಿದ್ದರು.

"ಯಾರವ್ವ ಸ್ನಾನ ಮಾಡ್ತಿರೋದು?"

ಅಮೂಲ್ಯ ಫೋನನ್ನು ಮತ್ತೆ ಚಾರ್ಜಿಗೆ ಸಿಕ್ಕಿಸಿದಳು.

"ಯಾರಿಗಂದೆ ಹಂಗೆ?"

"ಚನ್ನಪಟ್ಟಣದ ಸೈಕಲ್ ಅಂಗಡಿಯವರಿಗೆ. ಅವರದೇನೋ ಸಾಮಾನು ನಮ್ಮನೇಲಿ ಇದೆಯಂತೆ."

"ಅವರಿಗೆ ತಿಳಿಯದಾ?"

"ಇಲ್ಲ."

ಶಿವಲಿಂಗಮ್ಮ ಬಚ್ಚಲುಮನೆಯ ಬಾಗಿಲ ಕಡೆ ನೋಡಿದರು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಬಕೆಟ್ಟು ಬೋರಲು ಹಾಕಿತ್ತು. ಅವರು ಹೋಗಿ ಬಾಗಿಲನ್ನು ಮೆಲ್ಲಗೆ ಎಳೆದು ಮುಚ್ಚಿದರು.

"ಸ್ನಾನಕ್ಕೋದ್ರೆ ಇವನದು ಮುಕ್ಕಾಲು ಗಂಟೆ," ಅಂದರು. "ಇವತ್ತು ಇನ್ ಫೋನ್ ಮಾಡಲ್ಲ ಬುಡು ಆವಯ್ಯ."

ಎಣ್ಣೆಯ ಬಟ್ಟಲನ್ನು ಕಿಟಕಿಯ ಮೇಲಿಟ್ಟು ಕೋಣೆಯೊಳಗೆ ಬಂದರು. ಬೆಂಚು ಹಿಡಿದು ನೆಲಕ್ಕೆ ಕೂತರು. ಸೈಕಲ್ಲುಗಳ ಕಡೆ ತಿರುಗದೆ ಪೇಪರಿನ ಮೇಲಿನ ಗುಡ್ಡೆಯನ್ನು ಮಾತ್ರ ನೋಡಿದರು.

"ಬೇರೆಯೋರ ಸಾಮಾನು ಮನೇಲಿ ಇಟ್ಕಂಡು ತಿಥಿ ಮಾಡ್ಬುಟ್ಟೋ ನಾವು. ಅವನೆಂಗೆ ಹೊಸ್ಲು ದಾಟಾನು ಹೇಳು." ಸೆರಗಿನಿಂದ ಮೂಗು ಒರೆಸಿಕೊಂಡರು. "ಯಾವ ಸೈಕಲ್ದು ಅಂತೆ?"

"ಕೆಂಪು ಸೈಕಲ್ ಡಬ್ಬೀಲಿ ಇಟ್ಟಿದ್ದರಂತೆ. ನಾನು ಎಲ್ಲ ಕಲಸಿಬಿಟ್ಟೆ ಅತ್ತೆ."

ಮೊದಲ ಸಲ ಅವಳ ದನಿ ಒಡೆಯಿತು. ಶಿವಲಿಂಗಮ್ಮ ಅದನ್ನು ಕೇಳಿಸಿಕೊಂಡರೂ ಅವಳ ಕಡೆ ನೋಡಲಿಲ್ಲ.

"ಅಕ್ಕಿಯಾಗೆ ರಾಗಿ ಬಿದ್ರೆ ಆರ್ಸಾಕಿಲ್ವಾ? ಆ ಚಕ್ರ ಇಳ್ಸು ಇತ್ಲಾಗೆ. ಮರ್ತೇಹೋಗೈತೆ ನಿಂಗೆ. ಸೈಕಲ್ಗೇ ಹಿಡಿದು ನೋಡ್ತಿದ್ದೀಯೆ, ಚಕ್ರ ಗ್ವಾಡೆ ಮೇಲೈತೆ."

ಅಮೂಲ್ಯ ಗೂಟದಿಂದ ಕೆಂಪು ಸೈಕಲ್ಲಿನ ಚಕ್ರ ಇಳಿಸಿದಳು. ಶಿವಲಿಂಗಮ್ಮ 'ಇತರೆ' ಗುಡ್ಡೆಯಿಂದ ಒಂದೊಂದನ್ನೇ ಎತ್ತಿ ಕೊಟ್ಟರು. ಅವಳು ಚಕ್ರಕ್ಕೆ ಹಿಡಿದು ನೋಡಿದಳು. ಇದಲ್ಲ. ಇದಲ್ಲ. ಇದೂ ಅಲ್ಲ. ಎಂಟನೆಯದೋ ಒಂಬತ್ತನೆಯದೋ ಒಂದು ದುಂಡನೆಯ ತುಂಡು, ನಡುವೆ ತೂತು, ಒಂದು ತುದಿಯಲ್ಲಿ ಎರಡು ಹಲ್ಲು. ಚಕ್ರದ ಹಲ್ಲುಬಿಲ್ಲೆಯ ನಡುವೆ ಎರಡು ಕಚ್ಚುಗಳಿದ್ದವು. ಹಲ್ಲು ಕಚ್ಚಿನೊಳಗೆ ಇಳಿದು ಕೂತಿತು.

"ಸಿಕ್ತು."

"ತಡಿ," ಅಂದರು ಶಿವಲಿಂಗಮ್ಮ. "ಇನ್ನೊಂದೈತೆ ಇಂಥದ್ದೇ."

ಅದೂ ಕೂತಿತು. ಒಂದೇ ಜಾಗಕ್ಕೆ ಎರಡು. ಅಮೂಲ್ಯ ಎರಡನ್ನೂ ಸೀಮೆಎಣ್ಣೆಯಲ್ಲಿ ಒರೆಸಿದಳು. ಒಂದು ಹಳೆಯದು, ಕಪ್ಪಿಟ್ಟಿತ್ತು, ಒಂದು ಹಲ್ಲು ಸವೆದು ದುಂಡಗಾಗಿತ್ತು. ಇನ್ನೊಂದರ ಮೇಲೆ ಅರದಿಂದ ಉಜ್ಜಿದ ಗೆರೆಗಳು ಇನ್ನೂ ಹೊಳೆಯುತ್ತಿದ್ದವು. ಯಾವುದು ಇಸಿದುಕೊಂಡಿದ್ದು, ಯಾವುದು ಮನೆಯದು, ಹೇಳಲಾಗಲಿಲ್ಲ.

"ಎರಡನ್ನೂ ತಕ್ಕಂಡೋಗು. ಅವರದು ಯಾವ್ದು ಅಂತ ಅವರೇ ಹೇಳ್ತಾರೆ."

"ನಾನಾ? ತಿಂಗಳು ಆಗೋವರೆಗೆ..."

"ನೀನೇ ಹೋಗ್ಬುಟ್ಟು ಬಾ. ಹೇಳ್ಬೇಕಲ್ಲ ಆವಯ್ಯಂಗೆ. ಫೋನಾಗೆ ಹೇಳೋ ಮಾತಾ ಅದು?"

ಅಷ್ಟರಲ್ಲಿ ಅಶೋಕ್ ಫೋನ್ ಮಾಡಿದ. ಶಿವಲಿಂಗಮ್ಮ ಎಣ್ಣೆ ಕೈಯಲ್ಲೇ ಎತ್ತಿಕೊಂಡರು. "ಭಾನುವಾರ ಬರಬ್ಯಾಡ ಕಣ್ಲಾ. ಆಟೋದೋನಿಗೆ ಹೇಳ್ಬುಡು... ಯಾಕೆ ಅಂದ್ರೆ ಯಾಕೆ? ಇನ್ನೂ ಒಂದು ಡಬ್ಬಿ ಆಗಿಲ್ಲ... ಊಟ ಮಾಡ್ದೆ, ಮಾಡ್ದೆ. ಮಡಗು ಫೋನ."

ಶನಿವಾರ ಹತ್ತು ಗಂಟೆಯ ಬಸ್ಸಿಗೆ ಅಮೂಲ್ಯ ಹೊರಟಳು. ಎರಡು ತುಂಡುಗಳನ್ನೂ ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿದ್ದಳು. ಅಂಗಡಿ ಸಿಗದಿದ್ದರೆ ಕೇಳಬೇಕೆಂದು ಮನೋಹರನ ಫೋನನ್ನೂ ಹಾಕಿದ್ದಳು. ರಾಮನಗರದಿಂದ ಚನ್ನಪಟ್ಟಣಕ್ಕೆ ಹನ್ನೆರಡು ಕಿಲೋಮೀಟರು. ಮನೋಹರ ಇದನ್ನು ಮೂವತ್ತೈದು ನಿಮಿಷದಲ್ಲಿ ತುಳಿಯುತ್ತಿದ್ದ, ಬಂದ ಕೂಡಲೇ ಗಡಿಯಾರ ನೋಡಿ ಹೇಳುತ್ತಿದ್ದ. ಬಸ್ಸು ಎಲ್ಲ ಕಡೆ ನಿಂತಿತು. ಹೇಳಬೇಕಾದ ಮಾತನ್ನು ಅವಳು ದಾರಿಯುದ್ದಕ್ಕೂ ಜೋಡಿಸಿಕೊಂಡಳು. ತೀರಿಕೊಂಡರು. ಹೋಗಿಬಿಟ್ಟರು. ಇಲ್ಲವಾದರು. ಯಾವುದೂ ಅವನಿಗೆ ಕೂರಲಿಲ್ಲ. ಕಿಟಕಿಯ ಕಂಬಿಯನ್ನು ಹಿಡಿದು ಬಿಟ್ಟು ಹಿಡಿದು ಬಿಟ್ಟು ಮಾಡುತ್ತಿದ್ದಳು. ಪಕ್ಕದ ಹೆಂಗಸು, "ವಾಂತಿ ಬತ್ತೈತಾ ಅವ್ವ?" ಅಂತ ಕೇಳಿ ಒಂದು ನಿಂಬೆಹಣ್ಣು ಕೊಟ್ಟಳು.

ಅಂಗಡಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಮಹಡಿ ಮೆಟ್ಟಿಲ ಕೆಳಗಿತ್ತು. ಮುಂದೆ ಮೂರು ಸೈಕಲ್ಲುಗಳು ತಲೆಕೆಳಗಾಗಿ ನಿಂತಿದ್ದವು. ಫಕ್ರುದ್ದೀನ್‌ಗೆ ಅರವತ್ತರ ಮೇಲಿರಬೇಕು. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ.

"ರಾಮನಗರದಿಂದ ಬಂದೆ. ಮನೋಹರ್ ಅವರ ಮನೆಯಿಂದ."

"ಸಾರ್ ಮನೆಯೋರಾ? ಬನ್ನಿಮ್ಮ, ಬನ್ನಿ." ಅವನು ಸ್ಟೂಲನ್ನು ಬಟ್ಟೆಯಿಂದ ಒರೆಸಿ ಸರಿಸಿದ. "ನೀವ್ಯಾಕೆ ಬರೋಕೋದ್ರಿ? ಸಾರೆಲ್ಲಿ? ಇನ್ನೂ ಸ್ನಾನ ಮುಗಿಲಿಲ್ವಾ?"

ತನ್ನ ಮಾತಿಗೆ ತಾನೇ ನಕ್ಕ. ಅಮೂಲ್ಯ ಕರವಸ್ತ್ರ ಬಿಚ್ಚಿ ಮುಂದೆ ಹಿಡಿದಳು.

ಹಳೆಯ ತುಂಡನ್ನು ಅವನು ನೋಡುವ ಮೊದಲೇ ಕೈಯಲ್ಲಿ ಗುರುತು ಹಿಡಿದ. "ಇದು ನಂದು. ನಮ್ಮ ಅಬ್ಬಾ ಕಾಲದ್ದು. ಹಿಂದಿನ ಚಕ್ರದ ಫ್ರೀವೀಲ್, ಆ ಹಲ್ಲುಬಿಲ್ಲೆ, ಬಿಚ್ಚೋದು ಇದರಲ್ಲೇ. ಈ ಹಲ್ಲು ನೋಡಿ, ಸವೆದೋಗೈತೆ, ಜಾರ್ತದೆ." ಅದನ್ನು ವಾಪಸು ಅವಳ ಕೈಗಿಟ್ಟು ಹೊಸದನ್ನು ಎತ್ತಿಕೊಂಡ. ಕನ್ನಡಕ ಹಾಕಿಕೊಂಡು ಬೆಳಕಿಗೆ ಹಿಡಿದ. ಉಗುರಿನಿಂದ ಹಲ್ಲುಗಳನ್ನು ಸವರಿದ.

"ಮಾಡೇಬುಟ್ಟವ್ರೆ," ಅಂದ. "ಅಳತೆಗೆ ಬೇಕು, ಹಳೇದು ಕೊಡಿ ಫಕ್ರು ಭಾಯ್, ನಮ್ ಟೂಲ್ ರೂಮಲ್ಲಿ ಒಂದು ಮಾಡ್ಕೊಡ್ತೀನಿ ಅಂದ್ರು. ಸುಮ್ನೆ ಬಾಯಿ ಮಾತು ಅಂದ್ಕೊಂಡಿದ್ದೆ ಕಣಮ್ಮ ನಾನು. ಫೋನಲ್ಲಿ ಎರಡು ಸಲ ಅರ್ಜೆಂಟ್ ಮಾಡ್ಬುಟ್ಟೆ. ತಪ್ಪು ತಿಳ್ಕೊಂಡ್ರೋ ಏನೋ."

"ಇಲ್ಲ. ತಿಳ್ಕೊಂಡಿಲ್ಲ."

"ಬನ್ನಿ, ನೋಡೇಬುಡಾನ. ಒಸಿ ಆ ಕಡೆ ಹಿಡ್ಕೊಳ್ಳಿ."

ಹೊಸ ತುಂಡನ್ನು ಹಲ್ಲು ಮೇಲಾಗಿ ಬೆಂಚಿಗೆ ಕೂರಿಸಿದ ದೊಡ್ಡ ಇಕ್ಕಳಕ್ಕೆ ಬಿಗಿದ. ಒಂದು ಸೈಕಲ್ಲಿನಿಂದ ಹಿಂದಿನ ಚಕ್ರ ಕಳಚಿ ತಂದು ಅದರ ಮೇಲೆ ಮಲಗಿಸಿದ. ಹಲ್ಲು ಕಚ್ಚಿನೊಳಗೆ ಅಲುಗದೆ ಕೂತಿತು. ಅಮೂಲ್ಯ ಹಳೆಯ ತುಂಡನ್ನು ಬೆರಳುಗಳಲ್ಲಿ ಸಿಕ್ಕಿಸಿಕೊಂಡೇ ಚಕ್ರದ ಒಂದು ಬದಿ ಹಿಡಿದಳು, ಫಕ್ರುದ್ದೀನ್ ಇನ್ನೊಂದು ಬದಿ.

"ಎಡಕ್ಕೆ. ಒಟ್ಟಿಗೆ. ಹಾಂ."

ಬರಲಿಲ್ಲ. ಅವಳು ಕಾಲನ್ನು ಬೆಂಚಿಗೆ ಒತ್ತಿ ಎಳೆದಳು. ಗೆಣ್ಣಿನ ಗಾಯ ಮತ್ತೆ ಬಿರಿಯಿತು. ಒಳಗೆಲ್ಲೋ ಟಕ್ ಎಂದಿತು. ಚಕ್ರ ಒಮ್ಮೆಲೆ ಹಗುರಾಗಿ ಇಬ್ಬರ ಕೈಯಲ್ಲೂ ತಿರುಗಿತು.

"ಎಂಟು ದಿನದಿಂದ ಒದ್ದಾಡ್ತಿದ್ದೆ ಇದಕ್ಕೆ," ಅಂದ ಫಕ್ರುದ್ದೀನ್. ಅವನ ಮುಖ ಹುಡುಗನದಾಗಿತ್ತು. "ತಡೀರಿ, ಸಾರ್ಗೆ ಹೇಳ್ಬೇಕು ಇದನ್ನ. ಸ್ನಾನ ಆಗದಿದ್ರೂ ಪರವಾಗಿಲ್ಲ, ಎತ್ತಲಿ."

ಕೈ ಒರೆಸಿಕೊಂಡು ಜೇಬಿನಿಂದ ಫೋನು ತೆಗೆದ. ಅಮೂಲ್ಯ ಬೇಡ ಅನ್ನುವಷ್ಟರಲ್ಲಿ ಒತ್ತಿ ಕಿವಿಗೆ ಹಿಡಿದಿದ್ದ. ಬಾಯಲ್ಲಿ ಆಗಲೇ ಮಾತು ಸಿದ್ಧವಾಗಿತ್ತು, ನಗು ಇತ್ತು.

ಸ್ಟೂಲಿನ ಮೇಲಿದ್ದ ಅವಳ ಚೀಲದೊಳಗೆ ಫೋನು ಹೊಡೆದುಕೊಳ್ಳತೊಡಗಿತು.

ಫಕ್ರುದ್ದೀನ್ ಚೀಲ ನೋಡಿದ. ತನ್ನ ಫೋನು ನೋಡಿದ. "ಫೋನು ನಿಮ್ ಕೈಗೆ ಕೊಟ್ಟು ಕಳಿಸವ್ರಾ?"

ಹೂಂ ಅಂದರೆ ಸಾಕಿತ್ತು. ಚಹಾ ಕುಡಿದು ಹನ್ನೊಂದೂವರೆಯ ಬಸ್ಸಿಗೆ ಹೋಗಬಹುದಿತ್ತು. ಪಕ್ಕದ ಅಂಗಡಿಯಲ್ಲಿ ಹೊಲಿಗೆ ಯಂತ್ರ ಓಡಿ ನಿಂತಿತು, ಮತ್ತೆ ಓಡಿತು.

"ಇಲ್ಲ," ಅಂದಳು ಅಮೂಲ್ಯ. "ಅವರು ಸತ್ತು ಹದಿನೈದು ದಿನ ಆಯ್ತು."

ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಅದು ಇರಲಿಲ್ಲ. ಫಕ್ರುದ್ದೀನ್ ಫೋನನ್ನು ಕಿವಿಯಿಂದ ಇಳಿಸಿದ, ನಿಲ್ಲಿಸಲಿಲ್ಲ. ಅದು ಅವನ ಕೈಯಲ್ಲಿ ರಿಂಗ್ ಹೋಗುತ್ತಲೇ ಇತ್ತು, ಚೀಲದಲ್ಲಿ ಹೊಡೆದುಕೊಳ್ಳುತ್ತಲೇ ಇತ್ತು. ಆಮೇಲೆ ತಾನಾಗಿ ನಿಂತಿತು. ಅವನು ಬೋರಲು ಹಾಕಿದ್ದ ಎಣ್ಣೆ ಡಬ್ಬದ ಮೇಲೆ ಕೂತ.

"ಮತ್ತೆ ನೀವು... ಸ್ನಾನ ಅಂದ್ರಿ."

"ಅಂದೆ."

ಅವನು ತಲೆ ಆಡಿಸಿದ. ಇಕ್ಕಳದಲ್ಲಿ ಬಿಗಿದ ಹೊಸ ತುಂಡಿನ ಮೇಲೆ ಅಂಗೈ ಇಟ್ಟು ಹಾಗೇ ಕೂತುಬಿಟ್ಟ.

ಹಳೆಯ ತುಂಡು ಅಮೂಲ್ಯಳ ಕೈಯಲ್ಲೇ ಇತ್ತು. ಹಿಡಿದು ಹಿಡಿದು ಬೆಚ್ಚಗಾಗಿತ್ತು. ಅವನ ತಲೆಯ ಮೇಲೆ ಗೋಡೆಗೆ ಒಂದು ಹಲಗೆ, ಹಲಗೆಯ ತುಂಬ ಮೊಳೆ, ಮೊಳೆಗೊಂದು ಹತಾರು. ಹಲಗೆ ಎಣ್ಣೆ ಮಸಿಯಿಂದ ಕರ್ರಗಾಗಿತ್ತು. ಒಂದು ಮೊಳೆ ಮಾತ್ರ ಬರಿದಾಗಿತ್ತು. ಅದರ ಸುತ್ತ ಮಸಿ ಹತ್ತದ ಒಂದು ದುಂಡು ಜಾಗ, ಕೆಳಗೆ ಎರಡು ಹಲ್ಲಿನ ಗುರುತು, ಮರದ ಬಣ್ಣ ಹಾಗೇ ಉಳಿದಿತ್ತು.

ಅವಳು ಹಿಮ್ಮಡಿ ಎತ್ತಿ ನಿಂತು ತುಂಡನ್ನು ಮೊಳೆಗೆ ಹಾಕಿದಳು. ಅದು ಸ್ವಲ್ಪ ಓರೆಯಾಗಿ ನಿಂತಿತು. ಎರಡು ಹಲ್ಲು ಎರಡು ಗುರುತಿನ ಮೇಲೆ ಬರುವವರೆಗೆ ಬೆರಳಿನಿಂದ ಮೆಲ್ಲಗೆ ತಿರುಗಿಸಿದಳು.